ಜ್ವಾಲಾಮುಖಿಯ ಬುಡದಲ್ಲೊಂದು ಪಾರ್ಕಿಂಗ್

ನಮ್ಮ ಹಾಸ್ಟೆಲಿನಲ್ಲಿ ಯಾರಾದರೂ ಬೆಟ್ಟಕ್ಕೆ ಟ್ರಿಪ್ ಅಂದರೆ ಸಾಕು, ಎಷ್ಟು ಎತ್ತರ, ಎಂಥ ಕಾಡು, ಏನು ನೋಡೋದಿದೆ ಅಂತ ಯಾರೂ ಕೇಳಲ್ಲ. ಮೊದಲ ಪ್ರಶ್ನೆಯೇ "ಗಾಡಿ ಮೇಲೆ ತನಕ ಹೋಗುತ್ತೇನೋ?" ಹೋಗುತ್ತೆ ಅಂದರೆ ಟ್ರಿಪ್ ಪಕ್ಕಾ. ಹೋಗಲ್ಲ ಅಂದರೆ ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಜನ ಮಾಯ. ಈ ಲೇಖನ ಆ ಪ್ರಶ್ನೆಯ ಮೇಲೆಯೇ. ನಮ್ಮ ವಾದ ಇಷ್ಟು: ಹಳ್ಳಿಗಾಡು ಸುತ್ತೋಕೆ ಕಾರಿಗಿಂತ ಒಳ್ಳೆ ಸಾಧನ ಇಲ್ಲ, ಆದರೆ ಬೆಟ್ಟದ ನೆತ್ತಿ ಕಾರಿನ ಜಾಗ ಅಲ್ಲ. ಎರಡನ್ನೂ ಒಟ್ಟಿಗೇ ಹೇಳ್ತಿದ್ದೀವಿ. ಯಾಕಂದ್ರೆ ನಮ್ಮಲ್ಲಿ ಈ ಮಾತು ಬಂದಾಗಲೆಲ್ಲ ಒಂದು ಕಡೆ "ರೋಡ್ ಮಾಡಿ, ಟೂರಿಸಂ ಬೆಳೀಲಿ" ಅನ್ನೋರು, ಇನ್ನೊಂದು ಕಡೆ "ಯಾರೂ ಹೋಗೋದೇ ಬೇಡ" ಅನ್ನೋರು. ಇವೆರಡರ ನಡುವೆ ಬದುಕ್ತಿರೋ ಒಂದು ಸೀಮೆಯನ್ನು ನಾವು ನೋಡಿ ಬಂದಿದ್ದೀವಿ.

ಅದು ಫ್ರಾನ್ಸಿನ ನಟ್ಟನಡುವೆ ಇರುವ ಓವೆರ್ನ್. ಕಳೆದ ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಅಂತ ನಾವು ಮೂವರು (ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್) ಲಿಯೋನ್ ನಗರಕ್ಕೆ ಹೋಗಿದ್ದೆವು. ನಮ್ಮ ಕಾಲೇಜಿನಲ್ಲೇ ಓದಿ ಈಗ ಅಲ್ಲಿ ಪಿಎಚ್‌ಡಿ ಮಾಡ್ತಿರೋ ಅಕ್ಕ ಒಬ್ಬರು ಜೂನ್ ತಿಂಗಳಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಂಡು ಒಂದು ಪುಟ್ಟ ಕಾರು ಬಾಡಿಗೆಗೆ ತಗೊಂಡರು. ಇಪ್ಪತ್ತೈದು ತುಂಬದವರು ಓಡಿಸಿದರೆ ಅಲ್ಲಿ ಬಾಡಿಗೆಯ ಜೊತೆ ಹೆಚ್ಚುವರಿ ದುಡ್ಡು ಕೇಳ್ತಾರೆ, ಹಾಗಾಗಿ ಸ್ಟೇರಿಂಗ್ ಪೂರ್ತಿ ಅಕ್ಕನದು. ನಾವು ನಕ್ಷೆ ಹಿಡಿಯೋರು, ಚಕ್ಕುಲಿ ಹಂಚೋರು, ರೌಂಡ್‌ಅಬೌಟ್ ಬಂದಾಗ "ಎಡಕ್ಕೆ ಅಕ್ಕಾ... ಅಲ್ಲಲ್ಲ, ಬಲಕ್ಕೆ" ಅಂತ ಕೂಗೋರು. ರಸ್ತೆಯ ಬಲಗಡೆ ಓಡಿಸೋದು ಅರ್ಧ ದಿನದಲ್ಲಿ ಅಭ್ಯಾಸ ಆಗುತ್ತೆ. ಅಭ್ಯಾಸ ಆಗದೇ ಇರೋದು ಸಣ್ಣ ಊರುಗಳಲ್ಲಿ ಬಲಗಡೆಯ ಸಂದಿಯಿಂದ ಬರೋ ಗಾಡಿಗೆ ದಾರಿ ಬಿಡಬೇಕಾದ ನಿಯಮ. ನೀವು ಮುಖ್ಯ ರಸ್ತೆಯಲ್ಲೇ ಇರಿ, ಬೋರ್ಡು ಬೇರೆ ಹೇಳದಿದ್ದರೆ ಸಂದಿಯಿಂದ ಬರುವವನೇ ರಾಜ!

ಸೀಮೆ ಹೇಗಿದೆ ಅಂತ ಹೇಳದೆ ವಾದ ಮುಂದಕ್ಕೆ ಹೋಗಲ್ಲ. ಕ್ಲೆರ್ಮೋನ್-ಫೆರಾನ್ ಅನ್ನೋ ನಗರದ ಪಶ್ಚಿಮಕ್ಕೆ ಸುಮಾರು 80 ಜ್ವಾಲಾಮುಖಿಗಳು ಉತ್ತರ-ದಕ್ಷಿಣವಾಗಿ 30 ಕಿಲೋಮೀಟರಿನಷ್ಟು ಉದ್ದಕ್ಕೆ ಸಾಲಾಗಿ ನಿಂತಿವೆ. ಅಲ್ಲಿನ ಮಾತಿನಲ್ಲಿ ಇಂಥ ಗುಡ್ಡಕ್ಕೆ 'ಪ್ವಿ' ಅಂತಾರೆ, ಇಡೀ ಸಾಲಿಗೆ 'ಶೆನ್ ದೆ ಪ್ವಿ'. ಜೂನ್‌ನಲ್ಲಿ ಎಲ್ಲ ಹಸಿರೋ ಹಸಿರು, ಇಳಿಜಾರಿನ ಪೊದೆಗಳಲ್ಲಿ ಹಳದಿ ಹೂವು, ದೊಡ್ಡ ಗಂಟೆ ಕಟ್ಟಿಕೊಂಡ ಹಸುಗಳು. ಮೊದಲ ನೋಟಕ್ಕೆ ನಮ್ಮ ಸಿವಿಲ್ ಮಿತ್ರ "ಲೋ, ಇದು ನಮ್ಮ ಕುದುರೆಮುಖದ ಥರಾನೇ ಇದೆಯಲ್ಲೋ" ಅಂದ. ಹತ್ತಿರ ಹೋದಾಗ ಹಾಗಲ್ಲ ಅಂತ ಗೊತ್ತಾಯಿತು. ಗುಡ್ಡಗಳ ನೆತ್ತಿ ಬಟ್ಟಲಿನಂತೆ ಒಳಕ್ಕೆ ಕುಸಿದಿದೆ. ಬಟ್ಟಲಿನ ಒಳಗೂ ಹುಲ್ಲು. 2018ರಲ್ಲಿ ಯುನೆಸ್ಕೋ ಈ ಸಾಲನ್ನೂ ಪಕ್ಕದ ಲಿಮಾನ್ ಸ್ತರಭಂಗವನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು.

'ಆರಿದ ಜ್ವಾಲಾಮುಖಿಗಳು' ಅಂತ ಪ್ರವಾಸದ ಪುಸ್ತಕಗಳು ಬರೆಯುತ್ತವೆ. ಆ ಮಾತನ್ನು ಸ್ವಲ್ಪ ತೂಗಿ ಆಡಬೇಕು. ದಕ್ಷಿಣಕ್ಕಿರುವ ಕಾಂತಾಲ್ ಬೆಟ್ಟಗಳು ನಿಜಕ್ಕೂ ಆರಿ ತಣ್ಣಗಾಗಿ ಲಕ್ಷಾಂತರ ವರ್ಷಗಳಾಗಿವೆ. ಆದರೆ ಶೆನ್ ದೆ ಪ್ವಿ ಸಾಲು ಶುರುವಾದದ್ದೇ ಸುಮಾರು 95,000 ವರ್ಷಗಳ ಹಿಂದೆ. ಅದರ ದಕ್ಷಿಣದ ಪಾವೆನ್ ಸರೋವರ ಸ್ಫೋಟದಿಂದ ಹುಟ್ಟಿ 7,000 ವರ್ಷವೂ ಆಗಿಲ್ಲ. ಭೂಮಿಯ ಲೆಕ್ಕದಲ್ಲಿ ಅದು ನಿನ್ನೆ ಸಂಜೆ. ಅದಕ್ಕೇ ಭೂವಿಜ್ಞಾನಿಗಳು ಈ ಸಾಲನ್ನು 'ಮಲಗಿದೆ' ಅಂತಾರೆಯೇ ಹೊರತು 'ಸತ್ತಿದೆ' ಅನ್ನಲ್ಲ.

ಇನ್ನು ಕಾರಿನ ಪರವಾದ ವಾದ. ಈ ಗುಡ್ಡಗಳನ್ನು ಒಂದೊಂದಾಗಿ ನೋಡಿದರೆ ಚೆಂದ ಅಷ್ಟೇ. ಒಂದೇ ದಿನದಲ್ಲಿ ನಾಲ್ಕೈದು ನೋಡಿದರೆ ಫ್ಲೂಯಿಡ್ ಮೆಕ್ಯಾನಿಕ್ಸ್! ದೋಸೆ ಹಿಟ್ಟನ್ನು ಕಾವಲಿ ಮೇಲೆ ಹಾಕಿದರೆ ಹರಡಿಕೊಳ್ಳುತ್ತೆ, ರಾಗಿ ಮುದ್ದೆಯನ್ನು ತಟ್ಟೆಗೆ ಹಾಕಿದರೆ ಹಾಗೇ ಕೂರುತ್ತೆ. ಸಿಲಿಕಾ ಕಡಿಮೆ ಇರೋ ಬಸಾಲ್ಟ್ ಲಾವಾ ದೋಸೆ ಹಿಟ್ಟಿನ ಜಾತಿ, ಹರಿದುಕೊಂಡು ಹೋಗುತ್ತೆ. ಸಿಲಿಕಾ ಹೆಚ್ಚಿರೋ ಟ್ರ್ಯಾಕೈಟ್ ಮುದ್ದೆಯ ಜಾತಿ, ಬಾಯಿಂದ ಹೊರಬಂದಲ್ಲೇ ಗುಡ್ಡೆಯಾಗುತ್ತೆ. 1,465 ಮೀಟರ್ ಎತ್ತರದ ಪ್ವಿ ದ ದೋಮ್ ಸುಮಾರು 11,000 ವರ್ಷ ಹಳೆಯ ಅಂಥ ಮುದ್ದೆ. ಅದಕ್ಕೆ ಬಟ್ಟಲಿನಂಥ ಬಾಯಿಲ್ಲ. ಪಕ್ಕದ ಪ್ವಿ ದ ಪಾರಿಯೂ ಕಿಟ್ಟದಂಥ ಹಗುರ ಕಲ್ಲು ಚಿಮ್ಮಿ ಸುತ್ತಲೂ ಬಿದ್ದು ಆದ ಶಂಕು, ನೆತ್ತಿಯಲ್ಲಿ ಅಚ್ಚುಕಟ್ಟಾದ ಬಟ್ಟಲು. ಪಾವೆನ್ ಸರೋವರ ಮೂರನೇ ಜಾತಿ. ಅಲ್ಲಿ ಮೇಲೇರುತ್ತಿದ್ದ ಶಿಲಾಪಾಕಕ್ಕೆ ನೆಲದೊಳಗಿನ ನೀರು ಸಿಕ್ಕಿತು. ಕಾದ ಎಣ್ಣೆಗೆ ನೀರು ಬಿದ್ದರೆ ಅಡುಗೆಮನೆಯಲ್ಲಿ ಏನಾಗುತ್ತೋ ಅದೇ ಆಯಿತು. ಆ ಸ್ಫೋಟದ ಗುಂಡಿಯಲ್ಲಿ ಈಗ 92 ಮೀಟರ್ ಆಳದ ನೀರಿದೆ, ತಳದ ನೀರು ಮೇಲಿನ ನೀರಿನೊಂದಿಗೆ ಬೆರೆಯುವುದೇ ಇಲ್ಲ.

ಈ ಮೂರನ್ನೂ ಒಂದೇ ದಿನದಲ್ಲಿ, ಕಣ್ಣಿನ ನೆನಪು ಹಸಿಯಾಗಿರೋವಾಗ ಹೋಲಿಸಬೇಕು ಅಂದರೆ ಕಾರು ಬೇಕು. ಹಳ್ಳಿಗಳ ಕಡೆ ಬಸ್ಸುಗಳು ಅಪರೂಪ. ಅಷ್ಟೇ ಅಲ್ಲ, ಕಾರು ಒಂದು ಅಳತೆಯ ಉಪಕರಣ ಕೂಡ. ಪ್ವಿ ದ ಲಾಸೊಲಾ ಮತ್ತು ಪ್ವಿ ದ ಲಾ ವಾಶ್ ಅಂತ ಅಕ್ಕಪಕ್ಕದಲ್ಲೇ ಎರಡು ಶಂಕುಗಳಿವೆ. ಎರಡರದ್ದೂ ಒಂದು ಪಕ್ಕ ಒಡೆದುಹೋಗಿದೆ, ಒಳಗಿನ ಕೆಂಪು ಮಣ್ಣು ಕಾಣುತ್ತೆ. ಆ ಒಡಕಿನಿಂದ ಹರಿದ ಲಾವಾ ಕಣಿವೆ ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿದೆ. ದಾರಿಯಲ್ಲಿ ಒಂದು ಹೊಳೆಗೆ ಅಡ್ಡ ಬಿದ್ದು ಕಟ್ಟೆಯಾಗಿ, ಎಯ್ದಾ ಸರೋವರ ಹುಟ್ಟಿದೆ. ಪ್ಲಾನ್ ಇಲ್ಲ, ಟೆಂಡರ್ ಇಲ್ಲ, ಡ್ಯಾಂ ರೆಡಿ. ನಾವು ಲಾವಾ ಹರಿದ ದಿಕ್ಕಿನಲ್ಲೇ ಇಳಿದೆವು. ಕಾರಿನ ಓಡೋಮೀಟರ್ ತಿರುಗ್ತಾನೇ ಇತ್ತು, ಕಿಟಕಿಯಾಚೆ ಕಾಡು ಬೆಳೆದ ಒರಟು ಕಲ್ಲಿನ ನೆಲ ಮುಗೀತಾನೇ ಇರಲಿಲ್ಲ. ಹರಿವಿನ ಉದ್ದ ಎಷ್ಟು ಅಂತ ಪುಸ್ತಕದಲ್ಲಿ ಓದೋದೇ ಬೇರೆ, ಎರಡನೇ ಗೇರಿನಲ್ಲಿ ತಿರುವು ತಿರುವಾಗಿ ಅದರ ಪಕ್ಕ ಇಳಿಯೋದೇ ಬೇರೆ.

ರಸ್ತೆ ನೋಡ್ತಾ ಹೋಗೋದರಿಂದ ವಿಜ್ಞಾನ ಹುಟ್ಟಿದ್ದಕ್ಕೂ ಇದೇ ಸೀಮೆ ಸಾಕ್ಷಿ. 1751ಕ್ಕೆ ಮುಂಚೆ ಇವು ಜ್ವಾಲಾಮುಖಿಗಳು ಅಂತ ವಿದ್ವಾಂಸರಿಗೆ ಗೊತ್ತೇ ಇರಲಿಲ್ಲ. ರೋಮನ್ನರು ಕಬ್ಬಿಣ ಕಾಯಿಸಿ ಸುರಿದ ಕಿಟ್ಟದ ರಾಶಿ ಅಂತ ನಂಬಿದವರೂ ಇದ್ದರು. ಆ ವರ್ಷ ಪ್ಯಾರಿಸಿನಿಂದ ದಕ್ಷಿಣಕ್ಕೆ ಪ್ರಯಾಣ ಮಾಡ್ತಿದ್ದ ಜಾನ್-ಎತಿಯೆನ್ ಗೆತಾರ್ ಅನ್ನೋ ನಿಸರ್ಗವಿಜ್ಞಾನಿ ರಸ್ತೆ ಬದಿಯ ಮೈಲಿಗಲ್ಲುಗಳನ್ನು ಗಮನಿಸಿದರು. ಕಪ್ಪು, ತೂತು ತೂತಾದ ಕಲ್ಲು. ಎಲ್ಲಿಂದ ತಂದಿರಿ ಅಂತ ಕೇಳಿದರು. ವೋಲ್ವಿಕ್ ಅನ್ನೋ ಊರಿನ ಕ್ವಾರಿಯಿಂದ ಅಂದರು. ಹೋಗಿ ನೋಡಿದರೆ ಕ್ವಾರಿ ಇದ್ದದ್ದು ಲಾವಾ ಹರಿವಿನ ಮೇಲೆ. 1752ರಲ್ಲಿ ಅವರು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಫ್ರಾನ್ಸಿನಲ್ಲೂ ಜ್ವಾಲಾಮುಖಿಗಳಿದ್ದವು ಅಂತ ಪ್ರಬಂಧ ಮಂಡಿಸಿದರು. ಮುಂದೆ ನಿಕೊಲಾ ದೆಮಾರೆ ಇದೇ ಓವೆರ್ನ್‌ನಲ್ಲಿ ಅಡ್ಡಾಡಿ, ಕಂಬ ಕಂಬವಾಗಿ ನಿಲ್ಲುವ ಬಸಾಲ್ಟ್ ಕೂಡ ಲಾವಾ ಹರಿವಿನದೇ ಭಾಗ ಅಂತ ತೋರಿಸಿದರು. ಬಸಾಲ್ಟ್ ಸಮುದ್ರದ ನೀರಿನಲ್ಲಿ ತಳ ಕಂಡ ಕಲ್ಲು ಅಂತ ವಾದಿಸುವ ದೊಡ್ಡ ಪಂಗಡವೇ ಯುರೋಪಿನಲ್ಲಿ ಬೆಳೆದಿದ್ದ ಕಾಲ ಅದು. ಆ ಜಗಳ ತೀರ್ಮಾನವಾಗುವುದರಲ್ಲಿ ಓವೆರ್ನ್ ನೆಲದ ಪಾತ್ರ ದೊಡ್ಡದು. ಸಿವಿಲ್‌ನವರು ಎಂಜಿನಿಯರಿಂಗ್ ಜಿಯಾಲಜಿಯನ್ನು "ಮಗ್ ಹೊಡೆದು ಪಾಸಾಗೋ ಸಬ್ಜೆಕ್ಟ್" ಅಂತಾರಲ್ಲ, ಅದರ ಅರ್ಧ ಪಾಠ ಒಂದು ಮೈಲಿಗಲ್ಲಿನ ಮುಂದೆ ನಿಂತು ಕೇಳಿದ ಪ್ರಶ್ನೆಯಿಂದ ಶುರುವಾದದ್ದು.

ಈಗ ವಾದದ ಇನ್ನೊಂದು ಅರ್ಧ, ನಮಗೆ ಹೆಚ್ಚು ಮುಖ್ಯವಾದದ್ದು.

ಕ್ಲೆರ್ಮೋನ್-ಫೆರಾನ್ ಅಂದರೆ ಸಾಮಾನ್ಯ ಊರಲ್ಲ, ಮಿಶೆಲಿನ್ ಟಯರ್ ಕಂಪನಿಯ ತವರು. 1889ರಲ್ಲಿ ಆಂದ್ರೆ ಮತ್ತು ಎದುವಾರ್ ಮಿಶೆಲಿನ್ ಅನ್ನೋ ಅಣ್ಣತಮ್ಮಂದಿರು ಶುರು ಮಾಡಿದ್ದು. ಜನ ಗಾಡಿ ಓಡಿಸಿದಷ್ಟೂ ಟಯರ್ ಸವೆಯುತ್ತೆ, ಸವೆದಷ್ಟೂ ವ್ಯಾಪಾರ. ಹಾಗಾಗಿ 1900ರಲ್ಲಿ ಕಾರಿನವರಿಗೆ ಪುಕ್ಕಟೆ ಮಾರ್ಗದರ್ಶಿ ಪುಸ್ತಕ ಹಂಚಿದರು. ಇವತ್ತು ಹೋಟೆಲುಗಳಿಗೆ ನಕ್ಷತ್ರ ಕೊಡೋ ಪುಸ್ತಕ ಅದೇ. ನಕ್ಷೆ ಮಾಡಿದರು, ದಾರಿಸೂಚಿಗಳನ್ನು ನೆಟ್ಟರು. ಆ ದಾರಿಸೂಚಿಗಳ ಹಲಗೆ ಲಾವಾ ಕಲ್ಲಿನದು, ಮೇಲೆ ಎನಾಮೆಲ್ ಹಚ್ಚಿ ಸುಟ್ಟದ್ದು. ಮಳೆ ಹಿಮಕ್ಕೆ ಜಗ್ಗದೆ ಕೆಲವು ಈಗಲೂ ಹಳ್ಳಿ ಮೂಲೆಗಳಲ್ಲಿ ನಿಂತಿವೆ. ಪ್ಯಾರಿಸಿನಿಂದ ಆರು ಗಂಟೆಯೊಳಗೆ ಹಾರಿ ಪ್ವಿ ದ ದೋಮ್ ನೆತ್ತಿಯ ಮೇಲೆ ವಿಮಾನ ಇಳಿಸಿದವರಿಗೆ ಒಂದು ಲಕ್ಷ ಫ್ರಾಂಕ್ ಅಂತ ಬಹುಮಾನ ಇಟ್ಟಿದ್ದರು. 1911ರ ಮಾರ್ಚ್ 7ರಂದು ಯೂಜೀನ್ ರೆನೋ ಪಕ್ಕದಲ್ಲಿ ಒಬ್ಬ ಪ್ರಯಾಣಿಕನನ್ನೂ ಕೂರಿಸಿಕೊಂಡು ಇಳಿಸಿಯೇಬಿಟ್ಟರು. ಚಕ್ರದ ಮೇಲೆ ನಂಬಿಕೆ ಇಟ್ಟ ಊರು ಅಂದರೆ ಇದು.

ಅಂಥ ಊರಿನ ತಲೆಯ ಮೇಲಿನ ಬೆಟ್ಟಕ್ಕೆ ಇವತ್ತು ನೀವು ಕಾರು ಹತ್ತಿಸೋ ಹಾಗಿಲ್ಲ.

ಹಿಂದೆ ಹತ್ತಿಸಬಹುದಿತ್ತು. 1907ರಲ್ಲಿ ಉಗಿ ರೈಲು ಬಂತು. 1926ರಲ್ಲಿ ಅದರ ಜಾಗಕ್ಕೆ ಟೋಲ್ ಕೊಟ್ಟು ಹೋಗೋ ಕಾರು ರಸ್ತೆ. ಬೆಟ್ಟವನ್ನು ಸುತ್ತಿಕೊಂಡು ಏರುವ ಆ ರಸ್ತೆಯ ಇಳಿಜಾರು ಶೇಕಡಾ 12ರ ಆಸುಪಾಸು. 1964ರಲ್ಲಿ ತೂರ್ ದ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಆಂಕೆತಿಲ್ ಮತ್ತು ಪುಲಿದೋರ್ ಭುಜಕ್ಕೆ ಭುಜ ಕೊಟ್ಟು ಹತ್ತಿದ್ದು ಇದೇ ರಸ್ತೆಯಲ್ಲಿ. ಕೊನೆಗೆ ಅಲ್ಲಿನ ಆಡಳಿತ ಏನು ಮಾಡಿತು ಅಂದರೆ, ರಸ್ತೆ ಅಗಲ ಮಾಡಲಿಲ್ಲ. ಮೇಲೆ ಬಹುಮಹಡಿ ಪಾರ್ಕಿಂಗ್ ಕಟ್ಟಲಿಲ್ಲ. ಅದೇ ರಸ್ತೆಯ ಜಾಗದಲ್ಲಿ ಹಲ್ಲುಹಳಿಯ ವಿದ್ಯುತ್ ರೈಲು ಹಾಕಿತು. 2012ರ ಮೇ ತಿಂಗಳಲ್ಲಿ ಅದು ಶುರುವಾಯಿತು. ಐದು ಕಿಲೋಮೀಟರ್ ದಾರಿ, ಹದಿನೈದು ನಿಮಿಷ. ಕಾರು ಬುಡದಲ್ಲಿ ನಿಲ್ಲುತ್ತೆ. 2023ರಲ್ಲಿ, 35 ವರ್ಷಗಳ ನಂತರ ಸೈಕಲ್ ರೇಸು ಮತ್ತೆ ಈ ಬೆಟ್ಟಕ್ಕೆ ಬಂದಾಗ ಕೊನೆಯ ಕೆಲವು ಕಿಲೋಮೀಟರಿಗೆ ಪ್ರೇಕ್ಷಕರನ್ನೇ ಬಿಡಲಿಲ್ಲ. ದೇಶಕ್ಕೆ ದೇಶವೇ ಹುಚ್ಚೆದ್ದು ನೋಡೋ ರೇಸು ಸ್ವಾಮಿ ಅದು!

ನಾವು ರೈಲು ಹತ್ತಲಿಲ್ಲ, ದುಡ್ಡು ಉಳಿಸೋಣ ಅಂತ. ರೋಮನ್ ಕಾಲದಿಂದ ಇರೋ ಕತ್ತೆಹಾದಿ ಒಂದಿದೆ, ಸೇಸಾ ಕಣಿವೆಬಾಯಿಯಿಂದ ಶುರುವಾಗುತ್ತೆ. ಸುಮಾರು 400 ಮೀಟರ್ ಏರಿಕೆ, ಗಟ್ಟಿ ಕಾಲಿನವರಿಗೆ ಮುಕ್ಕಾಲು ಗಂಟೆ, ನಮ್ಮ ಮೆಕ್ಯಾನಿಕಲ್ ಇಬ್ಬರಿಗೆ ಒಂದೂಕಾಲು. ಬುಡದಲ್ಲಿ ಫೋನಿನ ಬ್ಯಾರೋಮೀಟರ್ ಆ್ಯಪ್ ನೋಡಿಕೊಂಡಿದ್ದೆವು. ಮೇಲೆ ಹೋಗಿ ನೋಡಿದರೆ ಒತ್ತಡ 40 ಹೆಕ್ಟೋಪಾಸ್ಕಲ್‌ನಷ್ಟು ಇಳಿದಿತ್ತು. ಆಟಕ್ಕೆ ಮಾಡಿದ್ದಲ್ಲ ಇದು. ಒತ್ತಡದ ಆ ಅಳತೆಗೆ ಯಾರ ಹೆಸರಿದೆಯೋ ಆ ಬ್ಲೇಸ್ ಪಾಸ್ಕಲ್ ಹುಟ್ಟಿದ್ದು ಕೆಳಗೆ ಕಾಣ್ತಿದ್ದ ಕ್ಲೆರ್ಮೋನ್‌ನಲ್ಲೇ, 1623ರಲ್ಲಿ. ಗಾಳಿಗೆ ತೂಕ ಇದ್ದರೆ ಬೆಟ್ಟದ ಮೇಲೆ ಪಾದರಸದ ಕಂಬ ಗಿಡ್ಡವಾಗಬೇಕು ಅಂತ ಅವರು ತರ್ಕಿಸಿದರು. ತಾವು ಪ್ಯಾರಿಸಿನಲ್ಲಿದ್ದದ್ದರಿಂದ ಅಕ್ಕನ ಗಂಡ ಫ್ಲೋರಾನ್ ಪೆರಿಯೆ ಅವರಿಗೆ ಕಾಗದ ಬರೆದರು. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಊರಿನ ಮಠದ ತೋಟದಲ್ಲಿ ಒಂದು ನಳಿಗೆ ನಿಲ್ಲಿಸಿ, ಅದು ಬದಲಾಗುತ್ತದೆಯೋ ನೋಡೋಕೆ ಒಬ್ಬರನ್ನು ಕಾವಲಿಟ್ಟು, ಇನ್ನೊಂದನ್ನು ಹೊತ್ತು ಬೆಟ್ಟ ಹತ್ತಿದರು. ಮೇಲೆ ಪಾದರಸ ಮೂರು ಅಂಗುಲಕ್ಕೂ ಸ್ವಲ್ಪ ಹೆಚ್ಚೇ ಇಳಿದಿತ್ತು. ಕೆಳಗಿನದು ಇದ್ದಲ್ಲೇ ಇತ್ತು. ಕಂಟ್ರೋಲ್ ಇಟ್ಟು ಪ್ರಯೋಗ ಮಾಡೋದು ಹೇಗೆ ಅಂತ ಫಸ್ಟ್ ಇಯರ್ ಲ್ಯಾಬಿನಲ್ಲಿ ನಮಗೆ ಬೈದು ಬೈದು ಕಲಿಸ್ತಾರಲ್ಲ, ಅದನ್ನು ಅವರು ಬೆಟ್ಟ ಹತ್ತಿ ಮಾಡಿದ್ದರು. ಇಳಿದು ಬಂದು ಕಾರಿನ ಬಾಗಿಲಿನ ಒಳಗೆ ಅಂಟಿಸಿದ್ದ ಟಯರ್ ಒತ್ತಡದ ಚೀಟಿ ನೋಡಿದಾಗ ನಗು ಬಂತು. ಕಾರು ಬೆಟ್ಟ ಹತ್ತದಿದ್ದರೂ ಅದರ ನಾಲ್ಕೂ ಚಕ್ರಗಳಲ್ಲಿ ಪಾಸ್ಕಲ್ ಕೂತಿದ್ದಾರೆ.

ನೆತ್ತಿಯ ಮೇಲೆ ಏನಿತ್ತು? ಎರಡನೇ ಶತಮಾನದ ಮರ್ಕ್ಯುರಿ ದೇವಸ್ಥಾನದ ಅವಶೇಷ, ಹವಾಮಾನ ಕೇಂದ್ರ, ಒಂದು ಎತ್ತರದ ಟಿವಿ ಗೋಪುರ (ಇದನ್ನು ಚೆಂದ ಅನ್ನೋಕೆ ನಮ್ಮಿಂದ ಆಗಲ್ಲ), ಗಾಳಿ, ಸಾಲು ಸಾಲು ಬಟ್ಟಲುಗಳ ನೋಟ. ಇಂಜಿನ್ ಸದ್ದಿಲ್ಲ, ಹಾರ್ನ್ ಇಲ್ಲ, ಡಿಕ್ಕಿ ತೆರೆದು ಹಾಡು ಹಾಕಿದವರಿಲ್ಲ. ಜನ ಕಡಿಮೆ ಇದ್ದರು ಅಂತ ತಿಳಿಯಬೇಡಿ, ತುಂಬಾ ಜನ ಇದ್ದರು. ವ್ಹೀಲ್‌ಚೇರಿನಲ್ಲಿ ಬಂದ ತಾತ ಇದ್ದರು, ತಳ್ಳುಗಾಡಿಯಲ್ಲಿ ಕೂಸುಗಳಿದ್ದವು. ಎಲ್ಲ ರೈಲಿನಲ್ಲಿ ಬಂದವರು. "ಕಾರು ಬಿಡದಿದ್ದರೆ ವಯಸ್ಸಾದವರು ಏನು ಮಾಡಬೇಕು?" ಅನ್ನೋದು ನಮ್ಮಲ್ಲಿ ಕೇಳೋ ಮೊದಲ ಆಕ್ಷೇಪಣೆ. ಉತ್ತರ ಅಲ್ಲೇ ಬೆಂಚಿನ ಮೇಲೆ ಕೂತು ಐಸ್‌ಕ್ರೀಂ ತಿಂತಿತ್ತು. ನಿಜ ಹೇಳಬೇಕಂದ್ರೆ ಕಾರು ರಸ್ತೆ ಅನುಕೂಲ ಮಾಡಿಕೊಡೋದು ನಡೆಯಲಾಗದವರಿಗಲ್ಲ, ನಡೆಯಲು ಮನಸ್ಸಿಲ್ಲದ ನಮ್ಮಂಥವರಿಗೆ.

ಹಾಗಂತ ಓವೆರ್ನ್ ಪೂರ್ತಿ ಆದರ್ಶ ಅಂತ ಹಾಡಿ ಹೊಗಳೋಕೂ ನಾವು ತಯಾರಿಲ್ಲ. ಮೂರನೇ ದಿನ ಕಾಂತಾಲ್‌ಗೆ ಇಳಿದೆವು. ಅದು ಒಂದೇ ಒಂದು ಹಳೆಯ ಜ್ವಾಲಾಮುಖಿ ಅಂದರೆ ನಂಬೋದು ಕಷ್ಟ. ಅಡ್ಡಗಲ ಸುಮಾರು 60-70 ಕಿಲೋಮೀಟರ್. ಬೆಂಗಳೂರಿನಿಂದ ತುಮಕೂರಿನಷ್ಟು ದೂರ ಹೋದರೂ ನೀವು ಅದೇ ಜ್ವಾಲಾಮುಖಿಯ ಮೈಮೇಲೆ ಇರ್ತೀರ. ಹಿಮನದಿಗಳು ಕೊರೆದ ಕಣಿವೆಗಳು ನಡುವಿನಿಂದ ಸುತ್ತಲಿಗೆ ಗಾಲಿಯ ಕಡ್ಡಿಗಳಂತೆ ಹರಡಿವೆ. ಆ ನಡುವಿನಲ್ಲಿ 1,783 ಮೀಟರಿನ ಪ್ವಿ ಮಾರಿ. ಅದರ ಪಕ್ಕದಲ್ಲೇ 1,588 ಮೀಟರ್ ಎತ್ತರದಲ್ಲಿ ಪಾ ದ ಪೆರೋಲ್ ಅನ್ನೋ ಘಾಟಿ, ಆ ಇಡೀ ಪರ್ವತ ಪ್ರದೇಶದಲ್ಲೇ ಅತಿ ಎತ್ತರದ ವಾಹನ ದಾರಿ. ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತೆ, ಬೇಸಿಗೆಯಲ್ಲಿ ಮೇಲೆ ತನಕ ಕಾರು. ಮತ್ತೆ ಹೇಳಬೇಕೇ? ಎರಡೂ ಬದಿಗೆ ಕಾರು, ಮೋಟಾರ್‌ಹೋಂ, ಬೈಕು. ಫೋಟೋ ತೆಗೆಯೋಕೆ ಕಾರಿಲ್ಲದ ಚೌಕಟ್ಟು ಹುಡುಕಿ ಸುಸ್ತಾದೆವು. ಅಲ್ಲಿಂದ ನೆತ್ತಿಗೆ ಕಾಂಕ್ರೀಟ್ ಮೆಟ್ಟಿಲು. ಅಷ್ಟು ಜನರ ಕಾಲಿಗೆ ಬೆಟ್ಟದ ಮೈ ಸವೆಯದಿರಲಿ ಅಂತ ಕಟ್ಟಿದ್ದು, ಅದರ ಅಗತ್ಯ ಅರ್ಥವಾಗುತ್ತೆ, ಆದರೂ ಮನಸ್ಸಿಗೆ ಒಗ್ಗಲಿಲ್ಲ. ಒಂದೇ ಸೀಮೆ, ಎರಡು ಬೆಟ್ಟ, ಎರಡು ನೀತಿ. ಯಾವುದು ಮೇಲು ಅಂತ ನಮಗೆ ವಾದ ಬೇಕಾಗಲಿಲ್ಲ, ಎರಡೂ ಕಡೆ ಅರ್ಧ ಗಂಟೆ ಕೂತಿದ್ದು ಸಾಕಾಯಿತು.

ಊಟದ ವಿಷಯ ಹೇಳದೇ ಬಿಟ್ಟರೆ ಅಕ್ಕ ಬೈತಾರೆ. ಲೆ ಪ್ವಿ ಊರಿನ ಸುತ್ತ ಜ್ವಾಲಾಮುಖಿ ಮಣ್ಣಿನಲ್ಲಿ ಬೆಳೆಯೋ ಹಸಿರು ಮಸೂರಬೇಳೆ ಪ್ರಸಿದ್ಧ. ಒಂದು ಪೊಟ್ಟಣ ತಂದು ಬಾಡಿಗೆ ಕೋಣೆಯಲ್ಲಿ ಸಾರು ಮಾಡಿದೆವು. ಎಷ್ಟು ಬೇಯಿಸಿದರೂ ಕಾಳು ಕಾಳಾಗೇ ನಿಲ್ಲುತ್ತೆ, ಕರಗಲ್ಲ. ಸಾರಿಗಿಂತ ಉಸಲಿಗೆ ಲಾಯಕ್ಕು.

ಈಗ ನಮ್ಮ ನಾಡಿನ ಮಾತು. "ಫ್ರಾನ್ಸಿಗೆ ನಾಲ್ಕು ದಿನ ಹೋಗಿ ಬಂದು ಪಾಠ ಹೇಳ್ತೀರಾ?" ಅಂತ ಕೇಳೋರು ಕೇಳಲಿ. ಲಾವಾ ನಮಗೇನು ಹೊಸದಲ್ಲ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಗೆಳೆಯರು ಹುಟ್ಟಿ ಬೆಳೆದಿರೋದೇ ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ ಪದರಗಳ ನಾಡಿನಲ್ಲಿ. ಅಲ್ಲಿ ಲಾವಾ ಗುಡ್ಡದ ಬಾಯಿಂದಲ್ಲ, ನೆಲದ ಉದ್ದನೆಯ ಬಿರುಕುಗಳಿಂದ ಉಕ್ಕಿ ಪದರ ಪದರವಾಗಿ ಹರಡಿತು. ಅದಕ್ಕೇ ಶಂಕುಗಳಿಲ್ಲ, ಬಟ್ಟಲುಗಳಿಲ್ಲ, ಫೋಟೋಗೆ ಸಿಗಲ್ಲ. ಕ್ಲೆರ್ಮೋನ್‌ನ ಕಪ್ಪು ಕೆಥೆಡ್ರಲ್ ವೋಲ್ವಿಕ್ ಲಾವಾ ಕಲ್ಲಿನದು ಅಂತ ನಾವು ಬಾಯಿ ಬಿಟ್ಟು ನೋಡ್ತಿದ್ದಾಗ ಸಿವಿಲ್ ಮಿತ್ರ (ವಿಜಯಪುರದವನು) ತಣ್ಣಗೆ "ನಮ್ ಗೋಳಗುಮ್ಮಟಾನೂ ಬಸಾಲ್ಟೇ ಐತಿ" ಅಂದ. ಸುಮ್ಮನಾದೆವು. ಮಲ್ಪೆಯಿಂದ ದೋಣಿಯಲ್ಲಿ ಹೋಗೋ ಸೇಂಟ್ ಮೇರಿಸ್ ದ್ವೀಪದ ಕಲ್ಲಿನ ಕಂಬಗಳನ್ನು ನಮ್ಮಲ್ಲಿ ಎಷ್ಟು ಜನ ರೀಲ್ಸ್ ಹಿನ್ನೆಲೆಯಾಗಿ ಬಳಸಿಲ್ಲ? ಓವೆರ್ನ್‌ನಲ್ಲಿ ಅಂಥ ಕಂಬಗಳನ್ನು ಕೊಳವೆ ವಾದ್ಯಕ್ಕೆ ಹೋಲಿಸಿ 'ಆರ್ಗನ್' ಅಂತಲೇ ಕರೀತಾರೆ. ನಮ್ಮವು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು, 8 ಕೋಟಿ ವರ್ಷಕ್ಕಿಂತಲೂ ಹಳೆಯವು. ಓವೆರ್ನ್‌ನ ಕಂಬಗಳು ಇವುಗಳ ಮುಂದೆ ಕೂಸುಗಳು.

ಅಲ್ಲಿಗೂ ಇಲ್ಲಿಗೂ ವ್ಯತ್ಯಾಸ ಕಲ್ಲಿನಲ್ಲಿಲ್ಲ. ಲಾಂತೆಜಿ ಅನ್ನೋ ಒಂದು ಜ್ವಾಲಾಮುಖಿಯ ಕಥೆ ಕೇಳಿ. ಅದರ ಹಗುರ ಕೆಂಪು-ಕಪ್ಪು ಜಲ್ಲಿಗಾಗಿ ದಶಕಗಟ್ಟಲೆ ಅಗೆದು ಗುಡ್ಡವನ್ನೇ ತಿಂದುಹಾಕಿದ್ದರು. ಈಗ ಅದು ಸೀಳಿ ತೆರೆದಿಟ್ಟ ಹಲಸಿನ ಹಣ್ಣಿನ ಥರ ಕಾಣುತ್ತೆ. ಲಾವಾ ಬಂದ ಕೊಳವೆ ಯಾವುದು, ಯಾವ ಸ್ಫೋಟದ ಪದರ ಯಾವುದರ ಮೇಲಿದೆ, ಆಕಾಶಕ್ಕೆ ಹಾರಿ ಬಿದ್ದ ಲಾವಾ ಉಂಡೆ ಎಷ್ಟು ದಪ್ಪ, ಎಲ್ಲ ಬಣ್ಣಬಣ್ಣವಾಗಿ ಗೋಡೆಯಲ್ಲಿ ಓದಬಹುದು. ಕ್ವಾರಿಯನ್ನೇ ಕ್ಲಾಸ್‌ರೂಮ್ ಮಾಡಿ ಟಿಕೆಟ್ ಇಟ್ಟಿದ್ದಾರೆ. ಶಾಲೆ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ಬರ್ತಿದ್ದರು. ನಮ್ಮ ಕಡೆ ಕೈಬಿಟ್ಟ ಕ್ವಾರಿ ಅಂದರೆ ಮಳೆಗಾಲದಲ್ಲಿ ನೀರು ತುಂಬಿ ಈಜಲು ಹೋದ ಹುಡುಗರನ್ನು ನುಂಗೋ ಹೊಂಡ. ಬೇಲಿ ಕೂಡ ಇರಲ್ಲ.

ಮುಳ್ಳಯ್ಯನಗಿರಿ ಜ್ವಾಲಾಮುಖಿ ಅಲ್ಲ, ಗೊತ್ತು. ಆದರೆ ಎತ್ತರದಲ್ಲಿ ಪ್ವಿ ದ ದೋಮ್‌ಗಿಂತ ದೊಡ್ಡಣ್ಣ, 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಕಾಡು. ಅದರ ಕೊನೆಯ ಮೆಟ್ಟಿಲುಗಳ ಬುಡದ ತನಕ ಕಿರಿದಾದ ರಸ್ತೆ ಹೋಗುತ್ತೆ. ವೀಕೆಂಡಿನಲ್ಲಿ ಆ ರಸ್ತೆಯಲ್ಲಿ ಏನಾಗುತ್ತೆ ಅಂತ ಈ ಪತ್ರಿಕೆ ಓದೋ ಅರ್ಧ ಜನಕ್ಕೆ ಅನುಭವ ಇದೆ. ಎದುರು ಬದುರು ಸಿಕ್ಕಿಕೊಂಡ ಗಾಡಿಗಳು, ಕ್ಲಚ್ ವಾಸನೆ, ಹುಲ್ಲಿನ ಮೇಲೆ ಇಳಿಸಿ ನಿಲ್ಲಿಸಿದ ಚಕ್ರದ ಗುರುತು. 2025ರಲ್ಲಿ ಜಿಲ್ಲಾಡಳಿತ ಮುಂಗಡ ಆನ್‌ಲೈನ್ ನೋಂದಣಿ ಮತ್ತು ಗಾಡಿಗಳಿಗೆ ಮಿತಿ ತಂದಿತು. ಒಳ್ಳೆಯದೇ. ಆದರೆ ಮಿತಿ ಅನ್ನೋದು ಕ್ಯೂ ಚಿಕ್ಕದು ಮಾಡುತ್ತೆ, ಅಷ್ಟೇ. ಬೆಟ್ಟದ ಮೇಲೆ ಕಾರು ಯಾಕೆ ಬೇಕು ಅನ್ನೋ ಪ್ರಶ್ನೆಯನ್ನು ಮುಟ್ಟಲ್ಲ.

ಹಲ್ಲುಹಳಿ ರೈಲು ಹಾಕಿ ಅಂತ ನಾವು ಹೇಳ್ತಿಲ್ಲ. ಅದಕ್ಕೆ ದುಡ್ಡೂ ಬೇಕು, ಮೇಲಾಗಿ ಹುಲ್ಲುಗಾವಲಿನಲ್ಲಿ ಹೊಸ ಅಗೆತವೂ ಬೇಕು. ಇರೋ ರಸ್ತೆಯಲ್ಲೇ ಬುಡದಿಂದ ಸಣ್ಣ ವಿದ್ಯುತ್ ಬಸ್ಸುಗಳು ಸಾಕು. ಖಾಸಗಿ ಗಾಡಿ ಕೆಳಗೆ. ಅಲ್ಲಿ ಬಾಡಿಗೆ ಜೀಪು ಓಡಿಸಿ ಸಂಸಾರ ನಡೆಸುವವರಿದ್ದಾರೆ, ಅವರನ್ನು ಬಿಟ್ಟು ಮಾಡಿದ ಯೋಜನೆ ಒಂದು ತಿಂಗಳೂ ನಿಲ್ಲಲ್ಲ. ಹಾಗಾಗಿ ಬಸ್ಸಿನ ಸ್ಟೇರಿಂಗ್ ಮೊದಲು ಅವರ ಕೈಗೇ ಸಿಗಬೇಕು. ಇಳಿಯುವಾಗ ಬ್ರೇಕಿನಲ್ಲಿ ಸುಟ್ಟುಹೋಗೋ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ಹಾಕೋ ಲೆಕ್ಕ ನಮ್ಮ ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರು ಮಾಡಬಹುದು. ಎಷ್ಟು ಸೀಟಿನ ಬಸ್ಸು, ಎಷ್ಟು ನಿಮಿಷಕ್ಕೊಂದು, ಎದುರು ಬದುರು ದಾಟಲು ಎಲ್ಲೆಲ್ಲಿ ಜಾಗ ಅನ್ನೋದು ಸಿವಿಲ್‌ನವರ ಟ್ರಾಫಿಕ್ ಎಂಜಿನಿಯರಿಂಗ್ ಪುಸ್ತಕದ್ದೇ ಲೆಕ್ಕ. ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟಿಗೆ ಅದೇ ಹಳೆ ಸ್ಮಾರ್ಟ್ ಡಸ್ಟ್‌ಬಿನ್, ಅದೇ ಲೈನ್ ಫಾಲೋವರ್ ರೋಬೋಟ್ ಮಾಡೋ ಬದಲು ಇದನ್ನು ಕೈಗೆತ್ತಿಕೊಳ್ಳಬಾರದಾ?

ನಾವು ಮೂವರೂ ಕೈಗೆತ್ತಿಕೊಂಡಿದ್ದೀವಿ, ಗೈಡ್ ಒಪ್ಪಿದ್ದಾರೆ. ಮೊದಲು ಬೇಕಿರೋದು ಅಂಕಿ. ಒಂದು ಶನಿವಾರ, ಒಂದು ಭಾನುವಾರ ಮತ್ತು ಹೋಲಿಕೆಗೆ ಒಂದು ಬುಧವಾರ, ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ತಿರುವುಗಳಲ್ಲಿ ನಿಂತು ಹತ್ತೋ ಗಾಡಿ, ಇಳಿಯೋ ಗಾಡಿ, ಒಳಗಿರೋ ತಲೆ ಎಣಿಸಬೇಕು. ಹನ್ನೆರಡು ಜನ ಬೇಕು, ಈಗ ಐವರಿದ್ದೀವಿ. ಬ್ರಾಂಚ್ ಯಾವುದಾದರೂ ಸರಿ, ಮಳೆಗೆ ಜರ್ಕಿನ್, ಎಣಿಕೆಗೆ ಪೆನ್ಸಿಲ್ ತನ್ನಿ. ಹೆಸರು ಕೊಡೋಕೆ ಗುರುವಾರ ಸಂಜೆ ಕನ್ನಡ ಸಂಘದ ಕೋಣೆಗೆ ಬನ್ನಿ. ಚಿಕ್ಕಮಗಳೂರಿನ ತನಕ ಬಸ್ಸಿನಲ್ಲೇ ಹೋಗೋದು. "ಗಾಡಿ ಮೇಲೆ ತನಕ ಹೋಗುತ್ತಾ?" ಅಂತ ಮಾತ್ರ ಕೇಳಬೇಡಿ, ಅದನ್ನೇ ಎಣಿಸೋಕೆ ಹೊರಟಿದ್ದೀವಿ.